ಸಿಪಾಯಿಗಳ ಮನೆತನ ವಿಚಾರಿಸಿದ್ದು

ಹನ್ನೊಂದು ಸಲ ಸೋತ ಸೇನಾಪತಿಗೆ ಹೆಂಡತಿಯ ಎದುರು ಎಷ್ಟು ಮರ್ಯಾದೆ ಉಳಿದಿರುತ್ತದೆಂದು ಬಿಡಿಸಿ ಹೇಳಬೇಕೆ?

ಎರಡು ಸಾವಿರದ ಒಂದನೆಯ ಇಸವಿಯಲ್ಲಿ ನಮ್ಮ ಬೈಲಹೊಂಗಲದ ಮನೆಗೆ ಕಂಪ್ಯೂಟರ್ ಬಂತು. ಕಾಲೇಜಿನ ಪ್ರಶ್ನೆಪತ್ರಿಕೆ ಬರೆಯಲಿಕ್ಕೆ (ಎಂದು ಮನೆಯಲ್ಲಿ ಹೇಳಿದ್ದೆ). ಅದರೊಟ್ಟಿಗೆ ಅಂಗಡಿಯ ಸರ್ಫರಾಜ ಒಂದು ಯುದ್ಧದಾಟದ ಸಿಡಿಯನ್ನೂ ಕೊಟ್ಟ. ಆರು ಸಿಪಾಯಿಗಳನ್ನು ಆರಿಸಿ, ಒಬ್ಬೊಬ್ಬರನ್ನೇ ಮುಂದೆ ಸರಿಸುತ್ತ, ಹೊಳೆಯ ಸೇತುವೆ ಗೆಲ್ಲಬೇಕು. ಸತ್ತವರು ಮತ್ತೆ ಏಳುವುದಿಲ್ಲ. ನಾನು ಗುರಿಯಲ್ಲಿ ಹೆಚ್ಚು ಅಂಕ ಪಡೆದವರನ್ನೇ ಮುಂದೆ ಬಿಡುತ್ತಿದ್ದೆ. ಪ್ರತಿ ಸಲ ಸೇತುವೆಯ ಮೇಲೆ ನನ್ನ ತುಕಡಿಯು ತುಕಡಿತುಕಡಿಯಾಗಿ ಹೋಗುತ್ತಿತ್ತು.

ಒಂದು ರವಿವಾರ ಮಧ್ಯಾಹ್ನ ನನ್ನಾಕೆ ಉಮಾಶ್ರೀ ಶೇಂಗಾ ಬಿಡಿಸುತ್ತ ಬಂದು ಪಕ್ಕದಲ್ಲಿ ಕುಳಿತಳು.

“ರೀ, ಈ ದಾಡಿಯಾಂವ ಯಾಕ ಹಿಂಗ ಕುಂತಾನ?”

“ಅವನ ಗುರಿ ತೊಂಬತ್ತೆರಡು! ಹುಲಿ ಅದಾನ ಹುಲಿ.”

“ಗುರಿ ಇದ್ದೀತ ಬಿಡ್ರಿ. ಮಾರಿ ನೋಡ್ರಿ, ಎಷ್ಟ ಬಾಡೈತಿ! ಉಂಡಾನೋ ಇಲ್ಲೋ? ಯಾರ ಪೈಕಿ ಅಂವಾ?”

(ರಣರಂಗದಲ್ಲಿ ಸಿಪಾಯಿಯ ಬೀಗರನ್ನು ವಿಚಾರಿಸುವ ಹೆಂಗಸು ಇವಳೊಬ್ಬಳೇ ಇರಬೇಕು.)

ಚಿತ್ರದ ಮೇಲೆ ಒತ್ತಿದರೆ ಪ್ರತಿಯೊಬ್ಬನ ಪೂರ್ವೋತ್ತರ ಇಂಗ್ಲಿಷಿನಲ್ಲಿ ಬರುತ್ತಿತ್ತು. ನಾನು ಒಮ್ಮೆಯೂ ಓದಿರಲಿಲ್ಲ. ಅವಳ ಕಾಟಕ್ಕೆ ಓದಿ ಹೇಳಿದೆ. ದಾಡಿಯವನ ತಮ್ಮ ಹೊಳೆಯಲ್ಲಿ ಮುಳುಗಿ ಸತ್ತಿದ್ದ. ಅಂದಿನಿಂದ ಇವನಿಗೆ ನೀರು ಕಂಡರೆ ಕೈ ನಡುಕ.

“ಅಯ್ಯ ನಮ್ಮವ್ವಾ! ಅವನ್ನ ಹೊಳಿಮ್ಯಾಲ ಕಳಸ್ತೀರಿ? ಮನಷ್ಯಾರ ಅದೀರೋ ಇಲ್ಲೋ?”

“ಹಂಗಾದ್ರ ನೀನ ಆಡು! ಸೋತ್ರ ಈ ಕಂಪ್ಯೂಟರಿನ ಸುದ್ದಿ ಮತ್ತ ಎತ್ತಬಾರದು.”

“ಗೆದ್ರ?”

“ನೀ ಹೇಳಿದ್ಹಂಗ,” ಎಂದೆ ಉದಾರವಾಗಿ.

ಅವಳು ಆರೂ ಜನರ ಕಥೆ ಕೇಳಿದಳು. ದಾಡಿಯವನನ್ನು ನೀರು ಕಾಣದ ಹಾಗೆ ದಡದ ಬಂಡೆಯ ಹಿಂದೆ ಕೂರಿಸಿದಳು. ಪರಸ್ಪರ ಮಾತುಬಿಟ್ಟ ಇಬ್ಬರನ್ನು ಎರಡು ದಿಕ್ಕಿಗೆ ಅಟ್ಟಿದಳು. ಸಿಡುಕಿನ ಹುಡುಗಿಯೊಬ್ಬಳು ಮುದಿ ಡಾಕ್ಟರಮ್ಮನ ಮಾತನ್ನಷ್ಟೇ ಕೇಳುತ್ತಾಳೆಂದು ಗೊತ್ತಾಗಿ, ಅವರಿಬ್ಬರನ್ನು ಜೋಡಿ ಮಾಡಿದಳು. ಸೇತುವೆಯ ನಟ್ಟನಡುವೆ ಹುಡುಗಿಗೆ ಗುಂಡು ಬಿತ್ತು. ಉಮಾಶ್ರೀ ಶೇಂಗಾ ಬದಿಗಿಟ್ಟು ಡಾಕ್ಟರಮ್ಮನನ್ನು ಅತ್ತ ಕಳಿಸಿದಳು. ಡಾಕ್ಟರಮ್ಮ ತೆವಳಿಕೊಂಡು ಹೋಗಿ ಪಟ್ಟಿ ಕಟ್ಟಿದಳು. ಬಂಡೆಯ ಹಿಂದಿನಿಂದ ದಾಡಿಯವನು ಒಂದೇ ಗುಂಡಿಗೆ ಶತ್ರುವನ್ನು ಕೆಡವಿದ. ಅವನ ಕೈ ನಡುಗಲಿಲ್ಲ.

ಸೇತುವೆ ನಮ್ಮದಾಯಿತು. ಆರೂ ಜನ ಜೀವಂತ!

ಉಮಾಶ್ರೀ ನನ್ನ ಕಡೆ ತಿರುಗಿದಳು. “ಹದಿನಾಲ್ಕ ವರ್ಷಾತು ಮದುವ್ಯಾಗಿ. ನನ್ನ ಪೂರ್ವೋತ್ತರ ಓದೀರೇನು? ಹೇಳ್ರಿ, ನನಗ ಯಾವುದರ ಅಂಜಿಕಿ?”

“ಹಲ್ಲಿ!” ಎಂದೆ, ತಡಮಾಡದೆ.

“ಹಲ್ಲಿಗೆ ಅಂಜಾವ್ರು ನೀವು. ಉತ್ತರಾ ಸಿಗೂತನಾ ಕಂಪ್ಯೂಟರ್ ನಂದು.”

ಮುಂದಿನ ರವಿವಾರ ಬಸ್ಸು ಹತ್ತಿ ಸಾಲಹಳ್ಳಿಯ ಅವಳ ತವರಿಗೆ ಹೋದೆ. ಅತ್ತೆ ರಾಚವ್ವನವರ ಮುಂದೆ ಕುಳಿತು ವಿಷಯ ಕೇಳಿದೆ.

“ಯಾತಕ್ಕೂ ಅಂಜಿದ ಕೂಸ ಅಲ್ರಿ ಅದು. ಹಾಂ... ಒಮ್ಮೆ ಭಾಳ ಅಂಜಿ, ರಾತ್ರಿಯೆಲ್ಲಾ ಅಳಕೋಂತ ಕುಂತಿತ್ತು ನೋಡ್ರಿ.”

ನಾನು ಮುಂದಕ್ಕೆ ಬಾಗಿದೆ. “ಯಾವಾಗ್ರಿ?”

“ನೀವು ಹೆಣ್ಣ ನೋಡಿ ಹೋದ ದಿನಾ. ‘ಯವ್ವಾ, ಇಂಥಾವ್ರನ್ನ ನಾ ಹೆಂಗ ಸಂಬಾಳಸ್ಲಿ?’ ಅಂತ!”