ಮಾಮಾನ ಪಾಲಿನ ನಾಚಿಕೆ

ನಮ್ಮ ಮಾಮಾನಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದಾನೆ. ಆರಡಿ ಎತ್ತರ, ಓಣಿಯ ಆಚೆ ತುದಿಗೆ ಕೇಳುವ ದನಿ, ಇತಿಹಾಸದಲ್ಲಿ ಎಂ.ಎ., ಅದರ ಮೇಲೊಂದು ಪಿಎಚ್.ಡಿ. ಕೊಡಲು ಮರೆತದ್ದು ನಾಚಿಕೆಯನ್ನು ಮಾತ್ರ. ಮರೆತ ಅಂತಲೂ ಅಲ್ಲ, ಅವನ ಪಾಲಿನದನ್ನು ನನ್ನ ಹೆಸರಿಗೆ ಬರೆದುಬಿಟ್ಟ. ಬುದ್ಧಿ ಬಂದಾಗಿನಿಂದ ಇಬ್ಬರ ಪಾಲಿನ ನಾಚಿಕೆಯನ್ನು ನಾನೊಬ್ಬಳೇ ನಾಚುತ್ತ ಬಂದಿದ್ದೇನೆ!

ಮಾಮಾ ಎಂದರೆ ನನ್ನ ಅವ್ವನ ತಮ್ಮ. ವಿಶ್ವವಿದ್ಯಾಲಯದಲ್ಲಿ ಅತಿಥಿ ಉಪನ್ಯಾಸಕ. ಎಂಥ ಅತಿಥಿ ಅಂತೀರಿ? ವರ್ಷಗಟ್ಟಲೆ ಅಲ್ಲೇ ಇದ್ದರೂ ಯಾರೂ ಮನೆಯವನನ್ನಾಗಿ ಮಾಡಿಕೊಳ್ಳದ ಅತಿಥಿ. ಅವನ ವಿಷಯ ಡಿಜಿಟಲ್ ಇತಿಹಾಸ. ಹಾಗೆಂದರೇನು ಎಂದು ನೆಂಟರಿಷ್ಟರಿಗೆ ತಿಳಿಸಿ ಹೇಳುವ ಕೆಲಸವೂ ನನ್ನದೇ. ಕಂಪ್ಯೂಟರ್ ರಿಪೇರಿ ಮಾಡುತ್ತಾನೇನು ಎಂದು ಮುಧೋಳದ ಚಿಗವ್ವ ಕೇಳಿದಾಗ, ಸಾಕಾಗಿ ಹೌದು ಎಂದುಬಿಟ್ಟೆ. ಮರುದಿನವೇ ಅವಳ ಕೆಟ್ಟ ಟೀವಿ ನಮ್ಮ ಮನೆಗೆ ಬಂತು.

ಮಾಮಾ ಮಾಡುವುದು ಇಷ್ಟು. ಅವನ ಊರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಅದನ್ನು ಕಂಪ್ಯೂಟರಿನಲ್ಲಿ ಓಣಿ ಓಣಿಯಾಗಿ ಮತ್ತೆ ಕಟ್ಟುತ್ತಿದ್ದಾನೆ. ಊರು ಬಿಡುವಾಗ ಜನ ತಮ್ಮ ಮನೆಗಳನ್ನು ತಾವೇ ಕೆಡವಿ, ತೊಲೆ, ಬಾಗಿಲು, ಚೌಕಟ್ಟು ಎಲ್ಲವನ್ನೂ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬೀಳಗಿ ಕಡೆಯ ಪುನರ್ವಸತಿ ಕೇಂದ್ರಕ್ಕೆ ಬಂದಿದ್ದರು. ಹೊಸ ಮನೆಗಳಿಗೆ ಆ ಹಳೆಯ ಬಾಗಿಲುಗಳನ್ನೇ ಕೂಡಿಸಿದರು. ಮಾಮಾ ಒಂದೊಂದು ಬಾಗಿಲಿನ ಫೋಟೊ ತೆಗೆದು, ಅಳತೆ ಹಿಡಿದು, ಕಂಪ್ಯೂಟರಿನಲ್ಲಿ ಅದು ಮೊದಲಿದ್ದ ಜಾಗಕ್ಕೇ ನಿಲ್ಲಿಸುತ್ತಾನೆ.

ಆದರೆ ಎಲ್ಲಿತ್ತು ಎಂದು ಹೇಳುವವರು ಯಾರು? ಅದಕ್ಕೆ ಅವನು ಕೇಂದ್ರದ ಆಟದ ಮೈದಾನಕ್ಕೆ ಮುದುಕಿಯರನ್ನು ಕರೆತಂದು, ಗುಡಿಯಿಂದ ಮನೆಗೆ ಹೇಗೆ ಹೋಗುತ್ತಿದ್ದರೋ ಹಾಗೆ ನಡೆಯಿರಿ ಎನ್ನುತ್ತಾನೆ. ಅವರು ಇಲ್ಲದ ಬೇವಿನ ಮರ ಬಳಸಿ, ಇಲ್ಲದ ಗಟಾರ ದಾಟಿ ನಡೆಯುತ್ತಾರೆ. ಇವನು ಹಿಂದಿನಿಂದ ಸುಣ್ಣದ ಪುಡಿ ಚೆಲ್ಲುತ್ತ ಹೋಗುತ್ತಾನೆ. ಬೀರೇಶ್ವರನ ಗುಡಿಯ ಗೆರೆ ಬಂತೋ, ಎಲ್ಲರೂ ಚಪ್ಪಲಿ ಬಿಡಬೇಕು. ಅಲ್ಲಿ ವಾಲಿಬಾಲ್ ಆಡುವ ಹುಡುಗರು ಕೂಡ! ಜಮಖಂಡಿ ಕಾಲೇಜಿಗೆ ಹೋಗುವಾಗ ಬಸ್ಸು ಆ ಮೈದಾನದ ಪಕ್ಕದಲ್ಲೇ ಹಾಯುತ್ತಿತ್ತು. ಗೆಳತಿಯರು ಆ ಹುಚ್ಚ ಯಾರೇ ಎಂದು ಕಿಟಕಿಗೆ ಮುಗಿಬಿದ್ದರೆ, ನಾನು ಈಚೆ ಬದಿಯ ಕಬ್ಬಿನ ಹೊಲ ನೋಡುತ್ತಿದ್ದೆ.

ನನ್ನನ್ನು ನೋಡಲು ಬನಹಟ್ಟಿಯಿಂದ ಗಂಡಿನ ಕಡೆಯವರು ಬಂದ ದಿನವಾದರೂ ಬಿಟ್ಟನೇ? ತನ್ನ ತವರೂ ಅದೇ ಮುಳುಗಿದ ಊರು ಎಂದು ಹುಡುಗನ ಅಜ್ಜಿ ಬಾಯಿ ಬಿಟ್ಟಳು. ಮುಗಿಯಿತು! ನಾನು ತಲೆ ತಗ್ಗಿಸಿಕೊಂಡು ಚಹಾ ತರುವಷ್ಟರಲ್ಲಿ ಪಡಸಾಲೆ ಖಾಲಿ. ಎಲ್ಲರೂ ಅಂಗಳದಲ್ಲಿ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ನಡೆಯುತ್ತಿದ್ದಾಳೆ, ಹಿಂದೆ ಫೋನು ಹಿಡಿದ ಮಾಮಾ, ಅವನ ಹಿಂದೆ ಸುಣ್ಣದ ಡಬ್ಬಿ ಹಿಡಿದ ಹುಡುಗ! ಭೂಮಿ ಬಾಯಿ ಬಿಡಬಾರದೇ ಅನಿಸಿತು. ಸಂಬಂಧವೇನೋ ಕೂಡಿತು. ಆದರೆ ನನ್ನ ಗಂಡ ಇವತ್ತಿಗೂ, "ನಾ ಎಲ್ಲಿ ನಿನ್ನ ನೋಡೀನಿ? ನಾ ಬಂದಿದ್ದು ಸರ್ವೆ ಮಾಡಾಕ" ಎನ್ನುತ್ತಾರೆ.

ಕಡೆಗೂ ವಿಶ್ವವಿದ್ಯಾಲಯದಲ್ಲಿ ಡಿಜಿಟಲ್ ಇತಿಹಾಸಕ್ಕೆ ಒಂದು ಕಾಯಂ ಹುದ್ದೆ ಬಂತು. ಮಾಮಾನ ವಯಸ್ಸು ಮಿತಿಯ ಅಂಚಿಗೆ ಬಂದಿತ್ತು. ಇದು ತಪ್ಪಿದರೆ ಅತಿಥಿಯಾಗಿಯೇ ತಲೆ ನೆರೆಯಬೇಕು. ಸಂದರ್ಶನಕ್ಕೆ ನಾನೂ ಹೋದೆ. ಏಕೆಂದರೆ ಲ್ಯಾಪ್‌ಟಾಪಿನ ವೈರನ್ನು ಪ್ರೊಜೆಕ್ಟರಿಗೆ ಜೋಡಿಸಲು ಈ ಡಿಜಿಟಲ್ ಪಂಡಿತನಿಗೆ ಬರುವುದಿಲ್ಲ! ಮೂಲೆಯಲ್ಲಿ ನಿಲ್ಲಲು ನನಗೆ ಅಪ್ಪಣೆ ಸಿಕ್ಕಿತು.

ಮೊದಲೆಲ್ಲ ಚೆನ್ನಾಗಿಯೇ ನಡೆಯಿತು. ತೆರೆಯ ಮೇಲೆ ಓಣಿಗಳು ಬಂದವು, ಬಾವಿ ಬಂತು, ಬೀರೇಶ್ವರನ ಗುಡಿ ಬಂತು. ಮಾಮಾ ಬೂಟು ಕಳಚಿದ! ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕಿತು. ಅಷ್ಟಕ್ಕೇ ನಿಲ್ಲಿಸಿದನೇ? "ತಾವೂ ಒಂದೀಟು ಬೂಟು ಬಿಡ್ರಿ" ಎಂದು ಸಮಿತಿಯವರಿಗೂ ಹೇಳಿದ. ಒಬ್ಬ ಹಿರಿಯರು ಪಾಪ, ಬಗ್ಗಿ ಲೇಸು ಬಿಚ್ಚತೊಡಗಿದರು. ಉಳಿದವರು ನಕ್ಕರು. ನಾನು ಗೋಡೆಯ ಕಡೆ ತಿರುಗಿದೆ.

ನಗು ನಿಂತ ಮೇಲೆ ಆ ಹಿರಿಯರೇ ಕೇಳಿದರು: "ಮೂರನೇ ಓಣಿಯಲ್ಲಿ ಒಂದು ಜಾಗ ಖಾಲಿ ಇದೆಯಲ್ಲ, ಅದು ಯಾರ ಮನೆ?"

"ನಮ್ಮದರೀ."

"ಊರಿನ ಮನೆಗಳೆಲ್ಲ ಇವೆ. ನಿಮ್ಮದೇ ಯಾಕಿಲ್ಲ?"

ಮಾಮಾ ಬಗ್ಗಿ ಬೂಟು ಎತ್ತಿಕೊಂಡ. ಅವರು ಮತ್ತೊಮ್ಮೆ ಕೇಳಿದರು. ಅವನು ಬೂಟು ಕೈಯಲ್ಲಿ ಹಿಡಿದು ನೆಲ ನೋಡುತ್ತ ನಿಂತ. ಕಿವಿಗಳು ಕೆಂಪಗಾಗಿದ್ದವು. ನಾಚಿಕೆಯಾದಾಗ ಅವನು ಹೇಗೆ ಕಾಣುತ್ತಾನೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಹುದ್ದೆ ಬೇರೆಯವರಿಗೆ ಹೋಯಿತು.

ಅವತ್ತು ತಿರುಗಿ ಬರುವಾಗ ಬಸ್ಸಿನಲ್ಲಿ ಮಾಮಾ, ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದ. "ಎಲ್ಲಾರೂ ಬಾಗಲಾ ಕಿತ್ತಗೊಂಡು ಬಂದ್ರು. ನಮ್ಮನ್ಯಾಗ ಕೀಳವ್ರು ಯಾರಿದ್ರು? ನಾ ಧಾರವಾಡದಾಗ ಇತಿಹಾಸದ ಪರೀಕ್ಷೆ ಬರಿಯಾಕತ್ತಿದ್ದೆ. ಬರೂದ್ರಾಗ ನೀರು ಬಂದಿತ್ತು. ನಮ್ಮವ್ವ ಸಾಯೂತನಕಾ ತಗಡಿನ ಬಾಗಲದಾಗ ಇದ್ಲು. ಯಾ ಮಾರಿ ಇಟಗೊಂಡು ಆ ಮನಿ ಬರೀಲಿ?"

ಇಡೀ ಊರಿನ ಬಾಗಿಲು ಹುಡುಕಿ ನಿಲ್ಲಿಸಿದವನು ಇವನೇ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಮರುದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಕೇಂದ್ರಕ್ಕೆ ಹೋಗಿ, ಮಾಮಾನ ಕೈಯಿಂದ ಸುಣ್ಣದ ಡಬ್ಬಿ ಕಸಿದುಕೊಂಡು ಮೈದಾನಕ್ಕೆ ಇಳಿದಳು. ಬೀರೇಶ್ವರನ ಗುಡಿಯ ಗೆರೆಯಿಂದ ಹೊರಟು, ಬೇವಿನ ಮರ ಬಳಸಿ, ಗಟಾರ ದಾಟಿ, ಮೂರನೇ ಓಣಿಯಲ್ಲಿ ನಿಂತು ಒಂದು ಮನೆ ಬರೆದಳು. ಮುಂದಿನ ಗೆರೆಯಲ್ಲಿ ಬಾಗಿಲಿನಷ್ಟು ಜಾಗ ಬಿಟ್ಟಳು. ಮಾಮಾ ಹೊರಗೇ ನಿಂತಿದ್ದ. ವಾಲಿಬಾಲ್ ಹುಡುಗರು ಆಟ ನಿಲ್ಲಿಸಿ ನೋಡುತ್ತಿದ್ದರು.

"ಬಾಗಲಾ ಕೀಳಾಕ ನಿನ್ನ ಕರಸೂಣಂತ ನಾ ಅಂದಿದ್ದೆ. ಅವ್ವನೇ ಬ್ಯಾಡಂದ್ಲು" ಎಂದಳು ಅವ್ವ. "ಬಾಗಲಾ ಹ್ವಾದ್ರ ಹೋಗ್ಲಿ, ಅವನ ಪರೀಕ್ಷೆ ಹೋಗಬಾರ್ದು ಅಂದ್ಲು. ತಗಡಿನ ಬಾಗಲಾ ಅಕೀನ ನಿಂತು ಕೂಡಿಸಿದ್ಲು, ನಕ್ಕೋಂತ. ಬಾ, ಒಳಗ ಬಾ."

ಮಾಮಾ ಚಪ್ಪಲಿ ಬಿಟ್ಟು ಗೆರೆಯ ಹತ್ತಿರ ಬಂದ.

"ತಲಿ ಬಗ್ಗಸೋ, ಬಡೀತೈತಿ."

ಆರಡಿ ಮಾಮಾ ಬಯಲಿನಲ್ಲಿ ನಡು ಬಗ್ಗಿಸಿ ಒಳಗೆ ಹೋದ. ಹೋಗಿ, ಎಲ್ಲರ ಎದುರಿಗೆ, ಮಣ್ಣಿನಲ್ಲಿ ಕೂತು ಗಟ್ಟಿಯಾಗಿ ಅತ್ತ. ರಸ್ತೆಯಲ್ಲಿ ಬಸ್ಸು ಹಾಯಿತು, ಕಿಟಕಿಗಳಲ್ಲಿ ತಲೆಗಳು ಕಂಡವು. ನಾನು ಚಪ್ಪಲಿ ಬಿಟ್ಟೆ. ಕುಳ್ಳಿಯಾದ ನನಗೆ ಬಗ್ಗುವ ಅಗತ್ಯವೇ ಇರಲಿಲ್ಲ. ಆದರೂ ತಲೆ ಬಗ್ಗಿಸಿಕೊಂಡೇ ಒಳಗೆ ಹೋಗಿ, ಅವನ ಪಕ್ಕದಲ್ಲಿ ಕೂತೆ.