ಮಾವಶಿಯ ಮೂರು ಎಣ್ಣೆ ಬಾಟಲಿ

ನಮ್ಮ ಮಾವಶಿಯ ಮುಖದ ಮೇಲೆ ಕೂತ ನೊಣ ಜಾರಿ ಬೀಳುತ್ತಿತ್ತು. ಸುಳ್ಳು ಎನ್ನುತ್ತೀರಾ? ಆ ನೊಣವನ್ನೇ ಕೇಳಿ! ಅವ್ವನ ತಂಗಿಯಾದ ಈಕೆ ದಾಂಡೇಲಿಯ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಳು. ಎಪ್ಪತ್ತರ ದಶಕದ ಆ ದಿನಗಳಲ್ಲಿ ಓಣಿಯ ಹೆಂಗಸರೆಲ್ಲ ಸ್ನೋ, ಪೌಡರ್ ಎಂದು ಆಸೆಪಡುತ್ತಿದ್ದರೆ, ಈಕೆಯ ಸರ್ವಸ್ವವೂ ಮೂರು ಹಳೆಯ ಔಷಧದ ಬಾಟಲಿಗಳಲ್ಲಿತ್ತು. ಹಣೆಗೆ ಕೊಬ್ಬರಿ ಎಣ್ಣೆ, ಕೆನ್ನೆಗೆ ಎಳ್ಳೆಣ್ಣೆ, ಹುಬ್ಬಿಗೆ ಔಡಲೆಣ್ಣೆ. ಒಂದರ ಗಡಿಯೊಳಗೆ ಇನ್ನೊಂದು ಕಾಲಿಡುವಂತಿರಲಿಲ್ಲ.

“ಮಾವಶಿ, ಎಲ್ಲಾ ಕಡೆ ಒಂದ ಎಣ್ಣಿ ಹಚ್ಚಿದ್ರ ನಡಿಯೂದಿಲ್ಲೇನು?” ಎಂದು ಒಮ್ಮೆ ಕೇಳಿದೆ.

“ಅನ್ನಕ್ಕೂ ಸಾರು, ಚಹಾಕ್ಕೂ ಸಾರು ಹಾಕ್ಕೊಂತಿಯೇನ ನೀ?” ಎಂದಳು.

ಎಣ್ಣೆ ಸಾಕಾಯಿತೋ ಇಲ್ಲವೋ ಎಂದು ನೋಡಲು ಅವಳದೊಂದು ಪರೀಕ್ಷೆಯಿತ್ತು. ಕಾಗದದ ಕಾರ್ಖಾನೆಯ ಊರು, ಮನೆಯಲ್ಲಿ ತುಂಡು ಕಾಗದಕ್ಕೇನು ಬರ? ಒಂದನ್ನು ಮುಖಕ್ಕೆ ಒತ್ತಿ ಬೆಳಕಿಗೆ ಹಿಡಿಯುವುದು. ಅದರ ಮೂಲಕ ಕಿಟಕಿ ಕಂಡರೆ ಮುಖ ಪಾಸು. ಒಂದು ಮುಂಜಾನೆ ಅವಳ ಕೈಗೆ ಸಿಕ್ಕಿದ್ದು ನನ್ನ ಗಣಿತದ ಹಾಳೆ. ಮಾಸ್ತರರು ಅದನ್ನೆತ್ತಿ ಹಿಡಿದು, “ಎರಡೂ ಮಗ್ಗಲದ ತಪ್ಪು ಒಮ್ಮೆಲೆ ಕಾಣ್ತಾವಲ್ಲವಾ” ಎಂದರು. ಇಡೀ ವರ್ಗ ನಕ್ಕಿತು.

ಫೋಟೋ ಪ್ರಸಂಗವಂತೂ ಇನ್ನೂ ಚಂದ. ಹಳಿಯಾಳದ ಬಸ್‌ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋದಲ್ಲಿ ಮಾವಶಿ ಮತ್ತು ಅವಳ ಗಂಡ, ನಮ್ಮ ಕಾಕಾ, ಜೊತೆಯಾಗಿ ಕೂತರು. ಫೋಟೋದವನು ಮೆಲ್ಲಗೆ, “ಅಕ್ಕಾರ, ಒಂಚೂರು ಪೌಡರ್ ಹಚ್ಕೋರಿ” ಎಂದ.

“ಯಾಕ್ರಿ, ನನ್ನ ಮುಖದಾಗ ಏನ್ ಕಡಿಮಿ ಐತಿ?”

ಕಡಿಮೆ ಏನೂ ಇರಲಿಲ್ಲ, ಹೆಚ್ಚಾಗಿತ್ತು ಅಷ್ಟೇ. ಫೋಟೋದಲ್ಲಿ ಕಾಕಾ ಸ್ಪಷ್ಟವಾಗಿ ಬಂದಿದ್ದರು. ಅವರ ಪಕ್ಕದಲ್ಲಿ ಒಂದು ಸೀರೆ, ಸೀರೆಯ ಮೇಲೆ ಬರೀ ಬೆಳಕು! ಕಾಕಾ ಅದಕ್ಕೂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಒಂದು ಚಳಿಗಾಲದಲ್ಲಿ ನಮ್ಮ ಈ ತಮಾಷೆಯೆಲ್ಲ ನಿಂತುಹೋಯಿತು. ಅನಮೋಡದ ನೆಂಟರ ಮನೆಯಿಂದ ಬಸ್ಸಿನಲ್ಲಿ ಬಂದ ಮರುದಿನ ಮುಂಜಾನೆ ಮಾವಶಿಯ ಮುಖದ ಎಡಭಾಗ ಅಲುಗಲಿಲ್ಲ. ಎಡಗಣ್ಣು ಮುಚ್ಚದು, ಚಹಾ ಕುಡಿದರೆ ಬಾಯಿಯ ಒಂದು ಬದಿಯಿಂದ ಸೋರುತ್ತದೆ. ಓಣಿಯವರು ಲಕ್ವಾ ಎಂದರು. ಡಾಕ್ಟರು ಅಲ್ಲವೆಂದರು. “ಮುಖದ ನರ ಬಾತೈತ್ರಿ. ಭಾಳ ಮಂದಿಗೆ ಸುಧಾರಿಸ್ತೈತಿ. ಆದ್ರ ಪೂರಾ ಮೊದಲಿನಂಗ ಆಗತೈತಿ ಅಂತ ಈಗ ಹೇಳಾಕ ಬರೂದಿಲ್ಲ.”

ಮಾವಶಿ ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ಇಟ್ಟಳು. ಬಾಟಲಿಗಳನ್ನು ಮುಟ್ಟಲಿಲ್ಲ. ಯಾರಾದರೂ ಬಂದರೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದಳು. ನನಗೆ ನಿಜಕ್ಕೂ ಭಯವಾಯಿತು. ನಾವು ಇಷ್ಟು ವರ್ಷ ನಕ್ಕಿದ್ದ ಆ ಮುಖ ಮತ್ತೆ ಸಿಗದೆ ಹೋದರೆ?

ಶಾಲೆಗೆ ಹೋಗುವ ಮುಂಚೆ ನಾನೇ ಬಾಟಲಿ ತೆಗೆದುಕೊಂಡು ಅವಳೆದುರು ಕೂರತೊಡಗಿದೆ. ಅವಳು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಡಾಕ್ಟರು ಕೊಟ್ಟ ಗುಳಿಗೆ ಒಂದು ಕಡೆ, ನನ್ನ ಎಣ್ಣೆ ಒಂದು ಕಡೆ. ಮೂರು ವಾರ ಕಳೆದರೂ ಎಡಗೆನ್ನೆ ನನ್ನ ಬೆರಳ ಕೆಳಗೆ ಸುಮ್ಮನೆ ಬಿದ್ದಿರುತ್ತಿತ್ತು.

ನಾಲ್ಕನೆಯ ವಾರದ ಒಂದು ದಿನ ಅವಸರದಲ್ಲಿ ಎಣ್ಣೆ ಹೆಚ್ಚಾಗಿ, ಒಂದು ಹನಿ ಹುಬ್ಬಿನಿಂದ ಕೆಳಗಿಳಿಯಿತು. ಮಾವಶಿ ಗಟ್ಟಿಯಾಗಿ ಕಣ್ಣು ಮುಚ್ಚಿದಳು. ಎರಡೂ ಕಣ್ಣು!

“ಮಾವಶಿ, ಮುಚ್ಚೇತಿ... ಎಡಗಣ್ಣ ಮುಚ್ಚೇತಿ.”

ಅವಳು ತೆರೆದಳು. ಮತ್ತೆ ಮುಚ್ಚಿದಳು, ತೆರೆದಳು. ಆಮೇಲೆ ನಕ್ಕಳು. ನಗು ಸ್ವಲ್ಪ ಸೊಟ್ಟಗಿತ್ತು, ಆದರೆ ಎರಡೂ ಕೆನ್ನೆಗಳು ಎದ್ದಿದ್ದವು. ನನಗೆ ಅಳು ತಡೆಯಲಾಗಲಿಲ್ಲ.

“ಅಳಬ್ಯಾಡ ಹುಚ್ಚಿ, ಕಣ್ಣೀರಾಗ ಉಪ್ಪು ಇರತೈತಿ, ಮುಖಾ ಒಣಗತೈತಿ” ಎನ್ನುತ್ತ ತನ್ನ ಕೆನ್ನೆಯ ಎಣ್ಣೆಯನ್ನೇ ಅಂಗೈಯಿಂದ ಒರೆಸಿ ನನ್ನ ಮುಖಕ್ಕೆ ಸವರಿದಳು.

ಅಂದು ಸಂಜೆಯತನಕ ನಾನು ಮುಖ ತೊಳೆಯಲಿಲ್ಲ.