ಅಣ್ಣ ಪ್ರೋಟೀನು, ತಮ್ಮ ಪ್ರೋಟೀನು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಬಿಡುವಾದಾಗ ಸುತ್ತಲಿನ ಊರುಗಳಿಗೆ ಹೋಗಿ ಕ್ಯಾನ್ಸರ್ ಬಗ್ಗೆ ಭಾಷಣ ಮಾಡುತ್ತಿದ್ದೆ. ವಿಷಯ ಗೊತ್ತು ಅನ್ನೋ ಧೈರ್ಯ ಎಷ್ಟಿತ್ತೋ, ಫಜೀತಿಗಳೂ ಅಷ್ಟೇ ಇದ್ದವು.

೧. ಹಿಂದಿನ ಬೆಂಚು

ಜೀವಕೋಶದಲ್ಲಿ ಒಂದೇ ಮನೆತನದ ಎರಡು ಪ್ರೋಟೀನುಗಳಿದ್ದು, ಒಂದು ಕೋಶವನ್ನು ಕ್ಯಾನ್ಸರ್ ಕಡೆ ತಳ್ಳಿದರೆ ಇನ್ನೊಂದು ಹಿಡಿದು ನಿಲ್ಲಿಸಬಹುದು, ವಿಜ್ಞಾನಿಗಳಿಗೆ ಹಾಗೊಂದು ಅನುಮಾನ ಐತೆ ಅಂತ ತರಗತಿಯಲ್ಲಿ ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, ಅವೆರಡರಲ್ಲಿ ಮೊದಲು ಹುಟ್ಟಿದ್ದು ಯಾವುದು ಸಾರ್ ಅಂದಳು. ನಕ್ಕು ಕೂರಿಸಿದೆ. ಮನೆಗೆ ಬಂದು ಪುಸ್ತಕ ತಿರುವಿದರೆ ಉತ್ತರವೇ ಇಲ್ಲ. ಬೆಂಗಳೂರಲ್ಲಿ ಸಂಶೋಧನೆ ಮಾಡುತ್ತಿದ್ದ ಗೆಳೆಯನಿಗೆ ಕಾಗದ ಬರೆದೆ. ಅವನು ಒಂದೇ ಸಾಲು ಬರೆದಿದ್ದ: "ಆ ಹುಡುಗಿಯನ್ನು ಇಲ್ಲಿಗೆ ಕಳಿಸು, ನೀನು ಬರಬೇಡ."

೨. ಹೊಳಲ್ಕೆರೆ ಬಸ್ಸು

ಹೊಳಲ್ಕೆರೆ ಶಾಲೆಗೆಂದು ಹಸಿ ಮಣ್ಣಿನಲ್ಲಿ ಗುಂಡನೆಯ ಕೋಶದ ಮಾದರಿ ಮಾಡಿ, ಬಣ್ಣ ಬಳಿದು ಒಯ್ಯುತ್ತಿದ್ದೆ. ಕಿಕ್ಕಿರಿದ ಬಸ್ಸಲ್ಲಿ ಸೀಟು ಸಿಗದೆ ದಪ್ಪನೆಯ ಯಜಮಾನರೊಬ್ಬರು ಅದರ ಮೇಲೇ ಕುಳಿತರು. ಶಾಲೆಯಲ್ಲಿ ಆ ಚಪ್ಪಟೆ ಮುದ್ದೆಯನ್ನೇ ಎತ್ತಿ ಹಿಡಿದು, ಕ್ಯಾನ್ಸರ್ ಆದ ಕೋಶ ಹೀಗೆ ಆಕಾರ ಕೆಡುತ್ತೆ ಅಂದೆ. ಚಪ್ಪಾಳೆ ಬಿತ್ತು. ಹೆಡ್‌ಮಾಸ್ತರು ಆರೋಗ್ಯವಾಗಿರೋ ಕೋಶ ಯಾವಾಗ ತೋರಿಸ್ತೀರಿ ಅಂತ ಕೇಳಿದರು. "ಬಸ್ಸಲ್ಲಿ ಎಲ್ಲರಿಗೂ ಸೀಟು ಸಿಕ್ಕಿದ ದಿನ" ಅಂದೆ.

೩. ಯಲ್ಲದಕೆರೆ ಊಟ

ಯಲ್ಲದಕೆರೆಯಲ್ಲಿ ಭಾಷಣ ಮುಗಿಸಿದ ವಾರಕ್ಕೆ, ಆ ಊರಿನ ನರ್ಸಮ್ಮ ಕಾಲೇಜಿಗೇ ಬಂದರು. ಬಡಕಲು ಮಕ್ಕಳಿಗೆ ಹುರುಳಿ ಕೊಡ್ರಿ, ಅದರಲ್ಲಿ ಪ್ರೋಟೀನು ಐತೆ ಅಂತ ಅವರು ಆರು ತಿಂಗಳು ಮನೆಮನೆ ತಿರುಗಿದ್ದರು. ಪ್ರೋಟೀನು ಕ್ಯಾನ್ಸರ್ ತರುತ್ತೆ ಅಂತ ನಾನು ಹೇಳಿದ್ದೇ ತಡ, ತಾಯಂದಿರೆಲ್ಲ ನಿಲ್ಲಿಸಿಬಿಟ್ಟಿದ್ದರು. "ನೀವು ಕೆಡಿಸಿದ್ದು, ನೀವೇ ಬಂದು ಸರಿ ಮಾಡ್ರಿ" ಅಂದರು.

ಮರುದಿನವೇ ಹೋದೆ. ನರ್ಸಮ್ಮ ನನ್ನನ್ನು ಶಾಲೆ ಜಗಲಿ ಮೇಲೆ ಕೂರಿಸಿ, ಎಲ್ಲರೆದುರು ರಾಗಿ ಮುದ್ದೆ, ಹುರುಳಿ ಸಾರು ಬಡಿಸಿದರು. ತಿನ್ನುತ್ತಲೇ ವಿವರಿಸಿದೆ. ಊಟದ ಪ್ರೋಟೀನು ಹೊಟ್ಟೆಯಲ್ಲಿ ಕರಗುತ್ತೆ. ನಾನು ಹೇಳಿದ್ದು ಕೋಶ ತಾನೇ ಮಾಡಿಕೊಳ್ಳೋ ಪ್ರೋಟೀನು. ಅದರಲ್ಲಿ ಅಣ್ಣ ಬೆಳಿ ಅಂದರೆ ತಮ್ಮ ಸಾಕು ಅಂತಾನೆ. ತಮ್ಮ ಸೋತಾಗಲೇ ಕಷ್ಟ. ಸಾರು ರುಚಿಯಾಗಿತ್ತು. ಮಾತಿನ ಭರದಲ್ಲಿ ಮೂರು ಮುದ್ದೆ ಮುಗಿದವು. ಹೆಂಗಸರಿಗೆ ನಂಬಿಕೆ ಬಂತು. ಒಬ್ಬಳು ಮಗುವಿಗೆ ಬಟ್ಟಲು ಹಿಡಿದಳು.

ಕುರಿ ಕಾಯೋ ಅಜ್ಜಿಯೊಬ್ಬಳು ನನ್ನನ್ನೇ ನೋಡುತ್ತಿದ್ದವಳು ನರ್ಸಮ್ಮನಿಗೆ ಹೇಳಿದಳು: "ಮೇಷ್ಟ್ರೊಳಗಿನ ತಮ್ಮ ಇನ್ನೂ ಸಾಕು ಅಂದಿಲ್ಲ ಕಣವ್ವ. ಇನ್ನೊಂದು ಮುದ್ದೆ ಹಾಕು."